ಹೊಸ ಬಟ್ಟೆ ತೊಟ್ಟು ಬಂದ ಗೊರವಗಳು

ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ಬ್ಲೌಸ್ ಹೊಲಿಯುವವರನ್ನು ಮಾತಾಡಿಸಲೇಬಾರದು. ಹಕ್ಕಿ ನೋಡಲು ಬಾ ಅಂತಂತೂ ಕರೆಯಲೇಬಾರದು. ಆದರೆ ಹಕ್ಕಿಗಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಗೊರವದಂಥ ವಲಸೆ ಹಕ್ಕಿಗಳು ಉತ್ತರದಿಂದ ಬರಲು ಶುರುಮಾಡುವುದೇ ವರಮಹಾಲಕ್ಷ್ಮಿ ಮತ್ತು ಗೌರಿ ಹಬ್ಬದ ಆಸುಪಾಸಿನಲ್ಲಿ. ನನಗೆ ವರ್ಷದಲ್ಲೇ ಜಾಸ್ತಿ ಕೆಲಸ ಇರುವ ದಿನಗಳೂ ಅವೇ.

ಮೈಸೂರಿನ ಕುವೆಂಪುನಗರದ ಒಂದು ಅಡ್ಡರಸ್ತೆಯಲ್ಲಿ ನನ್ನ ಅಂಗಡಿ. ಅಂಗಡಿ ಅಂದರೆ ಮನೆಯ ಮುಂದಿನ ರೂಮೇ. ಎರಡು ಮಷೀನು, ಒಂದು ಕಟಿಂಗ್ ಟೇಬಲ್ಲು, ಫಾಲ್ ಹಚ್ಚಲು ಮಧ್ಯಾಹ್ನ ಬರುವ ಒಬ್ಬ ಹುಡುಗಿ. ನನಗೆ ಹಕ್ಕಿಯ ಹುಚ್ಚು ಹತ್ತಿಸಿದ್ದು ಒಬ್ಬ ಗಿರಾಕಿ. ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದ ಮೇಡಂ. ಏಳು ವರ್ಷದ ಹಿಂದೆ ಬ್ಲೌಸಿಗೆ ಅಳತೆ ಕೊಡುತ್ತಾ ನಿಂತವರು ಇದ್ದಕ್ಕಿದ್ದಂತೆ 'ಶ್' ಅಂದರು. ಟೇಪು ಅವರ ಭುಜದ ಮೇಲೇ ಇತ್ತು. ಹಾಗೇ ಬಾಗಿಲಿಗೆ ಹೋಗಿ ಎದುರು ಮನೆಯ ಹೊಂಗೆ ಮರ ನೋಡಿದರು. "ಬಂತು ನೋಡಿ, ಗ್ರೀನಿಶ್ ವಾರ್ಬ್ಲರ್. ಹಿಮಾಲಯದ ಕಡೆಯಿಂದ ಬಂದಿದೆ" ಅಂದರು. ನನಗೆ ಕಂಡಿದ್ದು ಒಂದು ಎಲೆ ಅಲ್ಲಾಡಿದ್ದು ಮಾತ್ರ. ತೂಕ ಎಂಟು ಗ್ರಾಂ ಇರಬಹುದು ಅಂದರು. ನಾನು ನಂಬಲಿಲ್ಲ. ಅವರು ಹೋದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ದಾರ ಸುತ್ತಿದ ಬಾಬಿನ್ ಇಟ್ಟು ನೋಡಿದೆ. ಹೆಚ್ಚುಕಡಿಮೆ ಅಷ್ಟೇ. ಒಂದು ಬಾಬಿನ್ ತೂಕದ ಹಕ್ಕಿ ಅಷ್ಟು ದೂರದಿಂದ ಹಾರಿ ಬಂದು ನಮ್ಮ ರಸ್ತೆಯ ಹೊಂಗೆ ಮರದಲ್ಲಿ ಹುಳ ಹುಡುಕುತ್ತಿದೆ ಅಂದರೆ ಸುಮ್ನೆ ಇರೋಕಾಗುತ್ತಾ?

ಮೇಡಂ ಇನ್ನೊಂದು ಅಭ್ಯಾಸವನ್ನೂ ಅಂಟಿಸಿದರು. ತಾರೀಕು ಬರೆದಿಡುವುದು. 2007ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ಮೈಗ್ರಂಟ್‌ವಾಚ್ ಅಂತ ಒಂದು ಕೆಲಸ ಶುರುಮಾಡಿದ್ದರು. ವಲಸೆ ಹಕ್ಕಿ ನಿಮ್ಮೂರಲ್ಲಿ ಈ ವರ್ಷ ಮೊದಲು ಕಂಡಿದ್ದು ಯಾವತ್ತು ಅಂತ ನಮ್ಮ ನಿಮ್ಮಂಥವರೇ ಬರೆದು ಕಳಿಸುವುದು. ಮೇಡಂ ಆಗಿನಿಂದ ಬರೆಯುತ್ತಾ ಬಂದವರು. ಈಗ ಎಲ್ಲರೂ ಇಬರ್ಡ್ ಅನ್ನುವ ಹಕ್ಕಿ ದಾಖಲೆಯ ವೆಬ್‌ಸೈಟಿಗೆ ಹಾಕುತ್ತಾರೆ, ನಾನೂ ಹಾಕುತ್ತೇನೆ. ಆದರೆ ಮೊದಲು ಬರೆಯುವುದು ಮಾತ್ರ ಅಳತೆ ಪುಸ್ತಕದಲ್ಲೇ. ಕೈಗೆ ಬೇಗ ಸಿಗುವುದು ಅದು. ಅದರಿಂದ ಈ ಸಲ ಒಂದು ಎಡವಟ್ಟೂ ಆಯಿತು. ಆಮೇಲೆ ಹೇಳುತ್ತೇನೆ.

ಆಗಸ್ಟ್ ಅಂದರೆ ನಮ್ಮ ಕಡೆ ಕ್ಯಾಮೆರಾದವರು ಮನೆಯಲ್ಲಿರುವ ಕಾಲ. ಹದಿನಾರು ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತು ಬರಲು ಇನ್ನೂ ತಿಂಗಳುಗಟ್ಟಲೆ ಇರುತ್ತದೆ. ರಂಗನತಿಟ್ಟಿನಲ್ಲಿ ಕಟ್ಟೆಯಿಂದ (ಕೆಆರ್‌ಎಸ್ ಅಣೆಕಟ್ಟಿನಿಂದ) ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ನಗುವನಹಳ್ಳಿಯ ಹೊಳೆ ದಡದಲ್ಲಿ ಬಿಲ ಕೊರೆದು ಮರಿ ಮಾಡುವ ನೀಲಿಬಾಲದ ಕಳ್ಳಿಪೀರಗಳೂ ಅಲ್ಲಿರುವುದಿಲ್ಲ. "ಈಗ ಏನಿರುತ್ತೆ, ಡಿಸೆಂಬರಲ್ಲಿ ಬನ್ನಿ" ಅನ್ನುವವರೇ ಎಲ್ಲ. ನಾನು ಇದನ್ನು ಒಪ್ಪುವುದಿಲ್ಲ. ಡಿಸೆಂಬರಿನಲ್ಲಿ ನೋಡುವುದು ಬಂದು ಕೂತ ನೆಂಟರನ್ನು. ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗ ನೋಡಬೇಕು ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರೇ ಆಗಬೇಕು.

ಆಗಸ್ಟ್ 17, ಭಾನುವಾರ. ಬೆಳಿಗ್ಗೆ ಆರೂಕಾಲಿಗೆ ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆ ಇದು. ನನ್ನ ಸ್ಕೂಟಿಯಲ್ಲಿ ಹತ್ತು ನಿಮಿಷ. ಕೆರೆಯಲ್ಲಿ ನೀರು ಅಂಚಿನ ಹುಲ್ಲಿನವರೆಗೂ ಬಂದಿತ್ತು. ವಾಕಿಂಗಿನವರಿಗೆ ಖುಷಿ, ನನಗೆ ಬೇಜಾರು. ನೀರಂಚಿನಲ್ಲಿ ಓಡಾಡುವ ಗೊರವಗಳಿಗೆ ಬೇಕಾದ್ದು ಕೆಸರು. ಕೊಕ್ಕು ಚುಚ್ಚಿದರೆ ಹುಳ ಸಿಗುವಂಥ, ಕಾಲು ಮುಳುಗದಂಥ ತೆಳು ನೀರು. ತುಂಬಿದ ಕೆರೆಯಲ್ಲಿ ಅದು ಇರುವುದಿಲ್ಲ. ಹೊಸಬರಿಗೆ ಗೊತ್ತಾಗದಿರುವುದು ಇದೇ. ಕೆರೆ ತುಂಬಿದೆ, ಹಕ್ಕಿ ಜಾಸ್ತಿ ಇರುತ್ತೆ ಅಂದುಕೊಂಡು ಬರುತ್ತಾರೆ. ಚುಕ್ಕೆ ಕೊಕ್ಕಿನ ಬಾತು, ನೀರುಕಾಗೆ, ಜಂಬುಕೋಳಿ ನೋಡಿ ವಾಪಸ್ಸು ಹೋಗುತ್ತಾರೆ.

ನಾನೂ ಹಾಗೇ ವಾಪಸ್ಸು ಹೊರಟಿದ್ದೆ. ಏರಿ ಕಲ್ಲುಗಳ ಹತ್ತಿರ 'ಟೀ-ವೀ-ವೀ' ಅಂತ ಸಣ್ಣ ಸಿಳ್ಳೆ ಕೇಳಿತು. ನೀರಿಗೆ ತಾಗಿಕೊಂಡೇ ಒಂದು ಹಕ್ಕಿ ಹಾರಿತು. ರೆಕ್ಕೆ ಪೂರ್ತಿ ಬಡಿಯುವುದಿಲ್ಲ ಅದು. ಎರಡು ಸಲ ಪಟಪಟ, ಆಮೇಲೆ ಬಿಲ್ಲಿನ ಹಾಗೆ ಬಾಗಿಸಿ ಹಿಡಿದು ತೇಲಿಕೊಂಡು ಹೋಗುವುದು. ಕಲ್ಲಿನ ಮೇಲೆ ಇಳಿದ ತಕ್ಷಣ ಹಿಂಭಾಗ ಕುಣಿಸಲು ಶುರು. ನಿಲ್ಲಿಸುವುದೇ ಇಲ್ಲ. ಪೆಡಲ್ ಮೇಲಿಂದ ಕಾಲು ತೆಗೆದರೂ ಮಷೀನು ಓಡುತ್ತಿದೆಯೇನೋ ಅನ್ನುವ ಹಾಗೆ. ಕಾಮನ್ ಸ್ಯಾಂಡ್‌ಪೈಪರ್. ಗೊರವಗಳಲ್ಲೇ ಒಂದು ಜಾತಿ. ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಭುಜದವರೆಗೂ ಒಂದು ಕೊಕ್ಕೆಯಂತೆ ಮೇಲೆ ಹೋಗಿರುತ್ತದೆ. ಅದೊಂದು ಗುರುತು ಸಾಕು. ಈ ವರ್ಷದ ಮೊದಲನೆಯದು. ಬರೆದುಕೊಂಡೆ.

ಮನೆಗೆ ಬಂದಾಗ ಬಾಗಿಲಲ್ಲಿ ಮೂವರು ಕವರ್ ಹಿಡಿದು ನಿಂತಿದ್ದರು.

ಆಮೇಲೆ ಒಂದು ವಾರ ಹೊರಗಿನ ಆಕಾಶ ನೋಡಿದ್ದು ಕಡಿಮೆ. ಲೈನಿಂಗ್, ಪೈಪಿಂಗ್, ಹುಕ್ಕು, ಹೆಮ್ಮಿಂಗ್. 24ನೇ ತಾರೀಕು ಭಾನುವಾರ ಬೇರೆ, ಅಂಗಡಿ ಬಾಗಿಲು ಹಾಕಲೇ ಇಲ್ಲ. ರಾತ್ರಿ ಒಂದೂವರೆ ಇರಬಹುದು. ಒಂದು ಮೈಸೂರು ಸಿಲ್ಕ್ ಬ್ಲೌಸಿನ ತೋಳು ಕೂಡಿಸುತ್ತಿದ್ದೆ. ಕರೆಂಟ್ ಹೋಯಿತು. ಮಷೀನು ನಿಂತಿತು, ಫ್ಯಾನ್ ನಿಂತಿತು, ಪಕ್ಕದ ಮನೆಯ ಫ್ರಿಜ್ಜಿನ ಗುರ್‌ ಕೂಡ ನಿಂತಿತು. ಬೆಳಗಿನಿಂದ ಕಿವಿಯಲ್ಲಿ ತುಂಬಿದ್ದ ಸದ್ದೆಲ್ಲ ಒಂದೇ ಸಲ ಖಾಲಿ. ಕಿಟಕಿ ತೆರೆದಿತ್ತು. ಮೇಲೆ, ಮನೆಗಳ ನೆತ್ತಿಯ ಮೇಲೆ, ಕತ್ತಲಲ್ಲಿ ಒಂದು ಸಿಳ್ಳೆ. ಮೂರು ಸ್ವರ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸಿಳ್ಳೆ, ಈ ಸಲ ದಕ್ಷಿಣದ ಕಡೆಯಿಂದ, ಕ್ಷೀಣವಾಗಿ. ಅಷ್ಟೇ.

ಗೊರವಗಳು ರಾತ್ರಿ ಹೊತ್ತು ಪ್ರಯಾಣ ಮಾಡುತ್ತವೆ ಅಂತ ಓದಿದ್ದೆ. ಹಾರುತ್ತಾ ಒಂದನ್ನೊಂದು ಕರೆಯುತ್ತವೆ ಅಂತಲೂ ಗೊತ್ತಿತ್ತು. ನಮ್ಮ ಅಡ್ಡರಸ್ತೆಯ ಮೇಲೇ ಹೋಗುತ್ತವೆ ಅಂತ ಮಾತ್ರ ಯಾಕೋ ಅಂದುಕೊಂಡಿರಲಿಲ್ಲ. ಯಾವ ಹಕ್ಕಿ ಅಂತ ಖಚಿತವಾಗಿ ಹೇಳಲಾರೆ. ಹಾಗಾಗಿ ಎಲ್ಲೂ ದಾಖಲಿಸಲಿಲ್ಲ. ಕೈಯಲ್ಲಿ ಸೂಜಿ ಹಿಡಿದುಕೊಂಡು ಕಿಟಕಿ ಹತ್ತಿರ ಇಪ್ಪತ್ತು ನಿಮಿಷ ನಿಂತಿದ್ದೆ. ಕರೆಂಟ್ ಬಂತು. ಎಡ ತೋಳನ್ನು ಬಲಕ್ಕೆ ಕೂಡಿಸಿಬಿಟ್ಟಿದ್ದೆ ಅಂತ ಆಗ ಗೊತ್ತಾಯಿತು. ಬಿಚ್ಚಿ ಮತ್ತೆ ಹೊಲಿದೆ.

ಗೌರಿ, ಗಣೇಶ ಎರಡೂ ಮುಗಿದವು. 31ಕ್ಕೆ ಅಣ್ಣನ ಊರಿಗೆ ಹೋದೆ. ಶ್ರೀರಂಗಪಟ್ಟಣ ತಾಲ್ಲೂಕು, ವಿರಿಜಾ ನಾಲೆಯ ಬಯಲು. ನಮ್ಮ ಕಡೆಯವರು ಕೆಆರ್‌ಎಸ್ ಅನ್ನುವುದಿಲ್ಲ, ಕಟ್ಟೆ ಅನ್ನುತ್ತಾರೆ. ಚಿಕ್ಕ ಮಕ್ಕಳಿಗೂ 124.80 ಅಡಿ ಅಂದರೆ ಕಟ್ಟೆ ತುಂಬಿತು ಅಂತ ಗೊತ್ತು. ಈ ಸಲ 2025ರಲ್ಲಿ ಜೂನ್ ಮುಗಿಯುವ ಮೊದಲೇ ಕಟ್ಟೆ ತುಂಬಿಬಿಟ್ಟಿತ್ತು. ಜೂನ್‌ನಲ್ಲಿ ತುಂಬಿದ್ದು ಇದೇ ಮೊದಲು. ನಾಲೆಗೆ ನೀರಿನ ಚಿಂತೆ ಇರಲಿಲ್ಲ. ಬೇಗ ಒಟ್ಲು ಹಾಕಿದವರ ನಾಟಿ ಮುಗಿದು ಪೈರು ಹಸಿರು ತಿರುಗಿತ್ತು. ಅಣ್ಣನದು ಮಾತ್ರ ತಡ. ಕಬ್ಬು ಕಡಿಯುವವರು ಸಿಗದೆ ಗದ್ದೆ ಬಿಡುವಾಗಿದ್ದೇ ಲೇಟು. ಅವನಿಗೆ ಅದು ತಲೆನೋವು. ನನಗೆ ಲಾಟರಿ. ಸುತ್ತ ಹಸಿರಾದ ಬಯಲಿನಲ್ಲಿ ಕೆಸರು ಇದ್ದಿದ್ದು ಅವನ ಗದ್ದೆ ಮತ್ತು ಅಕ್ಕಪಕ್ಕದ ಎರಡರಲ್ಲಿ ಮಾತ್ರ. ಹಕ್ಕಿಗಳಿಗೆ ಬೇರೆ ದಾರಿ ಇರಲಿಲ್ಲ.

"ಬಾ ಬಾ, ನಿನ್ ನೀರಕ್ಕಿ ಬಂದವೆ" ಅಂದ ಅಣ್ಣ. ಬಾತು, ಗೊರವ, ಟಿಟ್ಟಿಭ, ಅವನಿಗೆ ಎಲ್ಲವೂ ನೀರಕ್ಕಿಯೇ.

ಕೇಜ್‌ವೀಲ್ ಹಾಕಿದ ಟ್ರಾಕ್ಟರು ಕೆಸರು ಮಗುಚುತ್ತಿತ್ತು. ಹಿಂದೆ ಗೋವಕ್ಕಿಗಳ ಮೆರವಣಿಗೆ. ಅವುಗಳ ಮಧ್ಯೆ ಎರಡು ಮೈನಾ, ಒಂದು ಕೊಳದ ಬಕ. ಟ್ರಾಕ್ಟರು ಬಿಟ್ಟುಹೋದ ಮೂಲೆಯಲ್ಲಿ, ಹಲಗೆ ಹೊಡೆದು ಸಮ ಮಾಡಿದ ಜಾಗದಲ್ಲಿ, ಮೊದಲು ಏನೂ ಕಾಣಲಿಲ್ಲ. ದುರ್ಬೀನು ಹಿಡಿದ ಮೇಲೆ ಕೆಸರಿನ ಹೆಂಟೆಗಳೇ ನಡೆದಾಡಲು ಶುರುಮಾಡಿದವು. ಒಂದು, ಎರಡು, ಐದು. ಅವು ತಲೆ ಎತ್ತಿದಾಗ ಮಾತ್ರ ಲೆಕ್ಕ ಸಿಗುತ್ತದೆ. ಮೂರು ಸಲ ಎಣಿಸಿದೆ. ವುಡ್ ಸ್ಯಾಂಡ್‌ಪೈಪರ್ 14. ಗ್ರೀನ್ ಸ್ಯಾಂಡ್‌ಪೈಪರ್ 3, ಅವು ಸ್ವಲ್ಪ ದೂರ, ಬದುವಿನ ನೆರಳಲ್ಲಿ. ಗ್ರೀನ್ ಯಾವಾಗಲೂ ಹಾಗೇ, ಗುಂಪಿಗೆ ಸೇರುವುದಿಲ್ಲ.

ಇವೆರಡನ್ನು ಬೇರೆ ಮಾಡುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಪುಸ್ತಕದಲ್ಲಿ ಕಾಲಿನ ಬಣ್ಣ, ಹುಬ್ಬಿನ ಗೆರೆ ಅಂತೆಲ್ಲ ಇರುತ್ತದೆ. ಸರಿ, ವುಡ್‌ಗೆ ಕಾಲು ಹಳದಿ, ಬಿಳಿ ಹುಬ್ಬು ಕಣ್ಣಿನ ಹಿಂದಕ್ಕೂ ಹೋಗಿರುತ್ತದೆ. ಕೆಸರು ಮೆತ್ತಿದ ಕಾಲಿಗೆ ಯಾವ ಬಣ್ಣ ಹೇಳುತ್ತೀರಿ? ನಾನು ಲೈನಿಂಗ್ ನೋಡುತ್ತೇನೆ. ಹಾರಿದಾಗ ರೆಕ್ಕೆಯ ಒಳಭಾಗ ಕಾಣುತ್ತದಲ್ಲ, ಅದು. ಗ್ರೀನ್‌ಗೆ ಕಪ್ಪು ಲೈನಿಂಗ್. ಮೇಲೆ ಕಪ್ಪು, ಒಳಗೂ ಕಪ್ಪು, ಸೊಂಟದಲ್ಲಿ ಮಾತ್ರ ಕಣ್ಣಿಗೆ ಹೊಡೆಯುವ ಬಿಳಿ. ವುಡ್‌ಗೆ ಮಾಸಲು ಬಿಳಿ ಲೈನಿಂಗ್. ಒಂದು ಸಲ ಎದ್ದು ಹಾರಿದರೆ ಸಾಕು, ಜಗಳ ಮುಗಿಯಿತು. ಕೂಗೂ ಬೇರೆ. ವುಡ್ ಹೆದರಿದರೆ 'ಚಿಫ್-ಇಫ್-ಇಫ್' ಅಂತ ಒಣದಾಗಿ ಕೂಗುತ್ತದೆ. ಗ್ರೀನ್ ಕೂಗಿನಲ್ಲಿ ಸ್ವಲ್ಪ ಸಂಗೀತ ಇದೆ.

ಬದುವಿನ ಮೇಲೆ ಗೋಣಿಚೀಲ ಹಾಸಿ ಕೂತೆ. ಅಲ್ಲಾಡದೆ ಕೂತರೆ ಅವು ನಮ್ಮನ್ನು ಬೇಗ ಮರೆಯುತ್ತವೆ. ಅರ್ಧ ಗಂಟೆಯಲ್ಲಿ ಒಂದು ವುಡ್ ಸ್ಯಾಂಡ್‌ಪೈಪರ್ ಎಂಟು ಹತ್ತು ಮಾರು ದೂರಕ್ಕೆ ಬಂತು. ದುರ್ಬೀನಿನಲ್ಲಿ ಅದರ ಬೆನ್ನಿನ ಒಂದೊಂದು ಗರಿಯೂ ಬಿಡಿಬಿಡಿಯಾಗಿ ಕಂಡಿತು. ನಾನು ಇಪ್ಪತ್ತೆರಡು ವರ್ಷದಿಂದ ಬಟ್ಟೆ ನೋಡುತ್ತಿರುವವಳು. ಕಣ್ಣು ಮೊದಲು ಹೋಗುವುದೇ ಅಂಚಿಗೆ. ಆ ಹಕ್ಕಿಯ ಅಂಚು ಪೂರ್ತಿ ಸವೆದುಹೋಗಿತ್ತು.

ಅದರ ಬೆನ್ನಿನ ಗರಿ ಕಂದು ಬಣ್ಣದ್ದು. ಅಂಚಿನಲ್ಲಿ ಬಿಳಿ ಚುಕ್ಕೆ, ಬಿಳಿ ಕಚ್ಚುಗಳು ಇರಬೇಕು. ಇದಕ್ಕೆ ಕಂದು ಉಳಿದಿತ್ತು, ಬಿಳಿ ಇರಬೇಕಾದ ಕಡೆ ಕಡಿದುಹೋದ ಹಾಗೆ ಖಾಲಿ. ಕೆಲವು ಗರಿ ಇಲಿ ಕಚ್ಚಿದ ಬಟ್ಟೆಯಂತೆ ಹಲ್ಲುಹಲ್ಲಾಗಿತ್ತು. ಫೋನಿನಲ್ಲಿ ಮೇಡಂಗೆ ಹೇಳಿದೆ. ಅವರು ನಕ್ಕರು. "ಕಪ್ಪು ಬಣ್ಣ ಇರುವ ಕಡೆ ಗರಿ ಗಟ್ಟಿ. ಬಿಳಿ ಭಾಗಕ್ಕೆ ಆ ಬಣ್ಣ ಇಲ್ಲ, ಅದಕ್ಕೇ ಮೊದಲು ಸವೆಯೋದು. ಮರಿಯಲ್ಲ, ದೊಡ್ಡ ಹಕ್ಕಿ ಅದು. ಒಂದು ಬೇಸಿಗೆ ಪೂರ್ತಿ ಆ ಬಟ್ಟೆಯಲ್ಲೇ ಸಂಸಾರ ಮಾಡಿದೆ" ಅಂದರು.

ಈ ಹಕ್ಕಿಗಳು ಮರಿ ಮಾಡುವುದು ಯುರೋಪಿನ ಉತ್ತರ ಭಾಗದಿಂದ ಸೈಬೀರಿಯಾದವರೆಗಿನ ಜೌಗು ನೆಲದಲ್ಲಿ. ಮರಿಗಳು ಹಾರುವಂತಾಗುವ ಮೊದಲೇ ತಾಯಿ ಸಾಮಾನ್ಯವಾಗಿ ಹೊರಟುಬಿಡುತ್ತದೆ. ಮರಿ ಕಾಯುವವನು ಅಪ್ಪ. ಆಮೇಲೆ ಅಪ್ಪನೂ ಹೊರಡುತ್ತಾನೆ. ಗ್ರೀನ್ ಸ್ಯಾಂಡ್‌ಪೈಪರ್‌ದು ಇನ್ನೂ ತಮಾಷೆ. ಅದು ನೆಲದಲ್ಲಿ ಗೂಡು ಮಾಡುವುದಿಲ್ಲ. ಮರದ ಮೇಲೆ ಬೇರೆ ಹಕ್ಕಿ ಬಿಟ್ಟುಹೋದ ಹಳೇ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಮರದಿಂದ ಕೆಳಗೆ ಧುಮುಕಬೇಕು. ಕೆಸರಿನಲ್ಲಿ ಬಾಳುವ ಹಕ್ಕಿಗೆ ಮರದ ಮೇಲಿನ ಬಾಡಿಗೆ ಮನೆ!

ಮಧ್ಯಾಹ್ನ ಅತ್ತಿಗೆ ಕೊಟ್ಟ ಮುದ್ದೆ, ಉಪ್ಪೆಸರು ಉಂಡು ವಾಪಸ್ಸು ಬಂದೆ.

ಎಡವಟ್ಟು ಆಗಿದ್ದು ಮಾರನೇ ದಿನ. ಆತುರದಲ್ಲಿ ಲೆಕ್ಕವನ್ನು ಒಬ್ಬ ಗಿರಾಕಿಯ ಅಳತೆ ಪುಟದ ಕೆಳಗೇ ಬರೆದಿದ್ದೆ. ಫಾಲ್ ಹಚ್ಚುವ ಹುಡುಗಿ ಪುಸ್ತಕ ಹಿಡಿದುಕೊಂಡು ಬಂದಳು. "ಅಕ್ಕಾ, ತೋಳು 10 ಸರಿ. ವುಡ್ 14 ಅಂದ್ರೆ ಮರದ ಗುಂಡೀನಾ? ಹದಿನಾಲ್ಕೂ ಮುಂದೇನೇ ಹಾಕ್ಬೇಕಾ? ಆಮೇಲೆ ಗ್ರೀನ್ ಮೂರು ಅಂತ ಬರ್ದಿದ್ದೀರಾ, ಅದು ಎಲ್ಲಿಗೆ?" ನಗು ತಡೆಯಲು ಆಗಲಿಲ್ಲ. ಅವಳಿಗೆ ಫೋಟೋ ತೋರಿಸಿದೆ. "ಇದಕ್ಕಾ ಊರಿಗೆ ಹೋಗಿದ್ದು?" ಅಂದಳು. ಬೇಜಾರಾಗಲಿಲ್ಲ. ಏಳು ವರ್ಷದ ಹಿಂದೆ ನಾನೂ ಎಲೆ ಅಲ್ಲಾಡಿದ್ದು ಮಾತ್ರ ನೋಡಿದವಳು.

ನನ್ನ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಪಕ್ಕದ ಮನೆ ತಾರಸಿಯ ಮೇಲೆ ಬೆನ್ನು ಬೂದು, ಮುಖ ಮಾಸಲು ಬಿಳಿ ಇರುವ ಒಂದು ಸಿಪಿಲೆ ಕಂಡು ವೈಟ್ ವ್ಯಾಗ್‌ಟೇಲ್ ಅನ್ನುವ ವಲಸೆ ಸಿಪಿಲೆ ಅಂತ ಇಬರ್ಡ್‌ಗೆ ಹಾಕಿದ್ದೆ. ಮೈಸೂರಿಗೇ ಮೊದಲು ಬಂದಿದ್ದನ್ನು ಕಂಡವಳು ನಾನೇ ಅಂತ ಜಂಬ ಬೇರೆ. ಎರಡೇ ದಿನಕ್ಕೆ ದಾಖಲೆ ನೋಡುವವರಿಂದ ಮೇಲ್ ಬಂತು. ಬಹಳ ಮರ್ಯಾದೆಯಿಂದ ಕೇಳಿದ್ದರು, ಫೋಟೋ ಇದೆಯಾ, ಇಷ್ಟು ಬೇಗ ಬರುವುದು ಅಪರೂಪ ಅಂತ. ಫೋಟೋ ಕಳಿಸಿದೆ. ಅದು ಇಲ್ಲೇ ಹುಟ್ಟಿದ, ವರ್ಷವಿಡೀ ಇಲ್ಲೇ ಇರುವ ಬಿಳಿಹುಬ್ಬಿನ ಸಿಪಿಲೆಯ ಮರಿ. ಅದರ ಅಪ್ಪ ಅಮ್ಮನಿಗೆ ಬೆನ್ನು ಕಪ್ಪು, ಮರಿಗೆ ಮಾತ್ರ ಬೂದು. ಬಹುಶಃ ಆ ತಾರಸಿಯಲ್ಲೇ ಗೂಡು ಕಟ್ಟಿ ಬೆಳೆಸಿದ್ದು. ಪಕ್ಕದ ಮನೆ ಹುಡುಗನನ್ನೇ ವಿದೇಶದಿಂದ ಬಂದವನು ಅಂದ ಹಾಗಾಯಿತು.

ಸೆಪ್ಟೆಂಬರ್ 7. ಮತ್ತೆ ಅಣ್ಣನ ಗದ್ದೆ. ಅವತ್ತು ರಾತ್ರಿ ಚಂದ್ರಗ್ರಹಣ, ಮಾರನೇ ದಿನದಿಂದ ಪಿತೃಪಕ್ಷ. ಟೈಲರುಗಳಿಗೆ ಪಕ್ಷ ಅಂದರೆ ಖಾಲಿ ದಿನಗಳು. ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಮೊದಲೆಲ್ಲ ಬೇಜಾರಾಗುತ್ತಿತ್ತು. ಈಗ ಆ ಹದಿನೈದು ದಿನ ನನಗೆ ದೇವರು ಕೊಟ್ಟ ರಜೆ. ಊರವರೆಲ್ಲ ಎಡೆ ಇಟ್ಟು ಕಾಗೆ ಬಂತಾ ಅಂತ ಆಕಾಶ ನೋಡುವ ದಿನಗಳಲ್ಲಿ ನಾನು ಆಕಾಶ ನೋಡಿದರೆ ಯಾರೂ ಏನೂ ಅನ್ನುವುದಿಲ್ಲ.

ನಾಟಿ ನಡೆಯುತ್ತಿತ್ತು. ಸಾಲಾಗಿ ಬಗ್ಗಿ ಪೈರು ಊರುತ್ತಿದ್ದ ಹೆಂಗಸರಲ್ಲಿ ಒಬ್ಬಳು ನನ್ನನ್ನು ನೋಡಿ "ಲೇ, ನಮ್ ಫೋಟೋ ತೆಗೀತಾವ್ಳೆ ಕಣೇ, ಸೆರಗು ಸರಿ ಮಾಡ್ಕೊಳ್ರೇ" ಅಂದಳು. ಎಲ್ಲರೂ ನಕ್ಕರು. ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡು ಬಂದ ಒಬ್ಬ ಯಜಮಾನರು ಮಾತ್ರ ನಗಲಿಲ್ಲ. ಕೈಯಲ್ಲಿ ಪುಸ್ತಕ, ಕುತ್ತಿಗೆಯಲ್ಲಿ ದುರ್ಬೀನು, ಗದ್ದೆಯನ್ನೇ ನೋಡುತ್ತಿರುವ ಹೆಂಗಸು. ಸೈಕಲ್ ನಿಲ್ಲಿಸಿದರು.

"ಏನವ್ವಾ, ಸರ್ವೆ ಮಾಡಕ್ ಬಂದಿದ್ದೀರಾ? ಇಲ್ಲೂ ರೋಡ್ ಬತ್ತದಾ?"

"ಇಲ್ಲ ಯಜಮಾನ್ರೇ, ಹಕ್ಕಿ ನೋಡ್ತಾ ಇದ್ದೀನಿ."

"ಹಕ್ಕಿ ನೋಡಕ್ಕೆ ಪುಸ್ತಕ ಯಾಕೆ?"

"ಎಷ್ಟಿದ್ದವು ಅಂತ ಬರ್ಕೊಳ್ಳೋಕೆ."

"ಬರ್ಕೊಂಡು?"

ಇದಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ದುರ್ಬೀನು ತೆಗೆದು ಕೊಟ್ಟೆ. ಮೊದಲು ತಿರುಗಮುರುಗ ಹಿಡಿದರು. ಸರಿಮಾಡಿ ಕೊಟ್ಟ ಮೇಲೆ ಬಹಳ ಹೊತ್ತು ಮಾತಿಲ್ಲ. ಅವರು ನೋಡುತ್ತಿದ್ದುದು ಗೊರವವನ್ನಲ್ಲ, ಆಚೆ ಬದಿಯ ಗದ್ದೆಯನ್ನು ಅಂತ ಆಮೇಲೆ ತಿಳಿಯಿತು. ಅಲ್ಲಿ ಹೋದ ವರ್ಷ ಭತ್ತ ಇತ್ತು. ಈಗ ಮಣ್ಣು ತುಂಬಿಸಿ ಸೈಟಿನ ಕಲ್ಲು ನೆಟ್ಟಿದ್ದಾರೆ, ತಲೆಗೆ ಹಳದಿ ಬಣ್ಣ ಬಳಿದು. "ಕಲ್ಲಿನ್ ಮ್ಯಾಲೆ ಒಂದು ಕುಂತದೆ ನೋಡಿ" ಅಂತ ದುರ್ಬೀನು ವಾಪಸ್ಸು ಕೊಟ್ಟರು. ನೋಡಿದೆ. ಕಾಮನ್ ಸ್ಯಾಂಡ್‌ಪೈಪರ್. ಹಳದಿ ಕಲ್ಲಿನ ಮೇಲೆ ನಿಂತು ಹಿಂಭಾಗ ಕುಣಿಸುತ್ತಿತ್ತು. ಅದನ್ನೂ ಬರೆದುಕೊಂಡೆ. ಯಜಮಾನರು "ಒಳ್ಳೇದು" ಅಂತ ಸೈಕಲ್ ತಳ್ಳಿಕೊಂಡು ಹೋದರು. ರೋಡಿನ ಅನುಮಾನ ಹೋಯಿತೋ ಇಲ್ಲವೋ ಗೊತ್ತಿಲ್ಲ.

ಅವತ್ತಿನ ನಿಜವಾದ ವಿಷಯ ಬೇರೆ. ನಾಟಿ ಆಗದೆ ಉಳಿದ ಒಂದೇ ಪಾತಿಯಲ್ಲಿ ವುಡ್ ಸ್ಯಾಂಡ್‌ಪೈಪರ್ 11 ಇದ್ದವು. ಕಳೆದ ವಾರದವೇ ಇರಬೇಕು ಅಂದುಕೊಂಡೆ. ಹತ್ತಿರ ಹೋಗಿ ಕೂತೆ. ಆರು ಹಕ್ಕಿಗಳ ಬೆನ್ನು ನೋಡಿ ಬಾಯಿಂದ 'ಅಯ್ಯೋ' ಅಂತಲೇ ಬಂತು. ಅಷ್ಟು ಅಚ್ಚುಕಟ್ಟು. ಒಂದೊಂದು ಗರಿಯೂ ಈಗ ತಾನೇ ಇಸ್ತ್ರಿ ಮಾಡಿಟ್ಟ ಹಾಗೆ. ಅಂಚಿನಲ್ಲಿ ಕೆನೆ ಬಣ್ಣದ ಸಣ್ಣ ಚುಕ್ಕೆಗಳು, ಒಂದೇ ಅಳತೆ, ಒಂದೇ ಅಂತರ. ಆರಿ ವರ್ಕಿನವರು ಅಳೆದು ಮಣಿ ಕೂರಿಸಿದರೂ ಅಷ್ಟು ಸಮ ಬರುವುದಿಲ್ಲ. ಎಲ್ಲೂ ಒಂದು ಎಳೆ ಹೋಗಿರಲಿಲ್ಲ. ಪಕ್ಕದಲ್ಲೇ ಆ ಸವೆದ ಅಂಚಿನ ದೊಡ್ಡವು ನಾಲ್ಕೈದು. ಎರಡನ್ನೂ ಒಟ್ಟಿಗೆ ನೋಡಿದರೆ ಯಾರಿಗೂ ಪುಸ್ತಕ ಬೇಕಾಗುವುದಿಲ್ಲ.

ಈ ವರ್ಷದ ಮರಿಗಳು ಅವು. ಜೂನ್‌ ಹೊತ್ತಿಗೆ ಮೊಟ್ಟೆಯಿಂದ ಬಂದವು. ದೊಡ್ಡವು ಮುಂದೆ ಹೊರಟು ಬಂದಿರುತ್ತವೆ, ಮರಿಗಳು ಹಿಂದಿನಿಂದ ತಮ್ಮಷ್ಟಕ್ಕೆ ತಾವೇ ಹೊರಡುತ್ತವೆ. ದಾರಿ ತೋರಿಸಲು ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಒಂದು ಕೋಳಿಮೊಟ್ಟೆಯಷ್ಟು ತೂಕ. ಬೆಟ್ಟ ಗುಡ್ಡ ದಾಟಿ ಬಂದು ಕಬ್ಬು ಕಡಿಯುವವರು ಸಿಗದೆ ತಡವಾದ ನಮ್ಮಣ್ಣನ ಗದ್ದೆಯಲ್ಲಿ ಇಳಿದಿವೆ. ನನ್ನ ಮಗ ಬೆಂಗಳೂರಿಗೆ ಕಾಲೇಜಿಗೆ ಹೊರಟಾಗ ಸ್ಯಾಟಲೈಟ್ ಬಸ್‌ಸ್ಟಾಂಡಿನವರೆಗೂ ಜೊತೆಗೆ ಹೋಗಿ, ಹಾಸ್ಟೆಲ್ ರೂಮು ನೋಡಿ, ಬಕೆಟ್ಟು ಮಗ್ಗು ಕೊಡಿಸಿ ಬಂದವಳು ನಾನು.

ರಾತ್ರಿ ಅಲ್ಲೇ ಉಳಿದೆ. ಗ್ರಹಣ ಹಿಡಿಯುವ ಮೊದಲೇ ಅತ್ತಿಗೆ ಊಟ ಮುಗಿಸಿಸಿ, ನೀರಿನ ಕೊಡಕ್ಕೆ ದರ್ಭೆ ಹಾಕಿದ್ದರು. ಹುಣ್ಣಿಮೆ ಚಂದ್ರನ ಮುಂದೆ ವಲಸೆ ಹಕ್ಕಿಗಳು ದಾಟುವುದನ್ನು ದೂರದರ್ಶಕ ಇಟ್ಟು ಎಣಿಸುವ ಪದ್ಧತಿ ಕೆಲವು ದೇಶಗಳಲ್ಲಿದೆ. ನಾನೂ ದುರ್ಬೀನು ಹಿಡಿದು ಅಂಗಳದಲ್ಲಿ ಕೂತೆ. ಮೋಡದ ಸಂದಿಯಲ್ಲಿ ಚಂದ್ರ ಇಣುಕುತ್ತಿದ್ದ. ಒಂದು ಗಂಟೆಯಲ್ಲಿ ದಾಟಿದ್ದು ಒಂದೇ ಒಂದು, ಅದೂ ಬಾವಲಿ. ಕತ್ತು ನೋವು ಬಂತು, ಮಲಗಿದೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಕೂತಿದ್ದಕ್ಕೆ ಅತ್ತಿಗೆ ಮಾರನೇ ದಿನವೂ ಮಾತಿನಲ್ಲಿ ಚುಚ್ಚುತ್ತಿದ್ದರು.

ಪಕ್ಷದಲ್ಲಿ ಮನೆಯ ಹತ್ತಿರವೇ ಒಂದೊಂದಾಗಿ ಬಂದವು. 10ರಂದು ಬೆಳಿಗ್ಗೆ ಬಟ್ಟೆ ಒಣಗಿಸುವಾಗ ತಲೆಯ ಮೇಲೆ 'ಚಿಟ್-ಚಿಟ್' ಅಂತ ಲೋಹ ತಾಗಿದಂಥ ಸದ್ದು. ಮೂರನೇ ಮನೆಯ ಸಿಂಟೆಕ್ಸ್ ತುಂಬಿ ತಾರಸಿಯಲ್ಲಿ ನೀರು ಹರಿಯುತ್ತಿತ್ತು. ಅಲ್ಲಿ ಬೂದು ಸಿಪಿಲೆ, ಗ್ರೇ ವ್ಯಾಗ್‌ಟೇಲ್. ಹಿಮಾಲಯದ ತೊರೆಗಳಲ್ಲಿ ಬಂಡೆಯಿಂದ ಬಂಡೆಗೆ ಹಾರುವ ಹಕ್ಕಿ ಇದು. ನಮ್ಮಲ್ಲಿ ಅದಕ್ಕೆ ತೊರೆ ಅಂದರೆ ತುಂಬಿ ಹರಿಯುವ ಸಿಂಟೆಕ್ಸು. ಉದ್ದ ಬಾಲದ ಬುಡದಲ್ಲಿ ಹಳದಿ, ಲಂಗದ ಕೆಳಗೆ ಒಳಲಂಗ ಇಣುಕಿದ ಹಾಗೆ. ಈ ಸಲ ಫೋಟೋ ತೆಗೆದೇ ದಾಖಲಿಸಿದೆ. ಮೇಲ್ ಬರಲಿಲ್ಲ. ಆ ಮನೆಯವರಿಗೆ ನೀರು ಪೋಲಾಗುತ್ತಿದೆ ಅಂತ ಹೇಳಬೇಕಿತ್ತು. ಹತ್ತು ನಿಮಿಷ ತಡಮಾಡಿ ಹೇಳಿದೆ.

14ರಂದು ಲಿಂಗಾಂಬುಧಿ ಹತ್ತಿರದ ತಂತಿಯ ಮೇಲೆ ಅಂಬರಗುಬ್ಬಿಗಳು, ಎಣಿಸಲು ಸಿಕ್ಕಿದ್ದು 37. ಕಂದು ಕಳಿಂಗ ಒಂದು, ಜಾಲಿ ಪೊದೆಯಲ್ಲಿ ಬೈಯುತ್ತಾ ಕೂತಿತ್ತು. ಗ್ರೀನಿಶ್ ವಾರ್ಬ್ಲರ್ 18ಕ್ಕೆ ಬಂತು. ಅದೇ ಹೊಂಗೆ ಮರ, ಅದೇ ಎಲೆ ಅಲ್ಲಾಡುವುದು. ಮೇಡಂಗೆ ಫೋನ್ ಮಾಡಿದೆ. "ನಮ್ಮ ಮನೆಗೆ ನಿನ್ನೆಯೇ ಬಂತು" ಅಂದರು. ಅವರನ್ನು ಯಾವ ವರ್ಷವೂ ಸೋಲಿಸಲು ಆಗಿಲ್ಲ.

ಮಹಾಲಯ ಅಮಾವಾಸ್ಯೆ 21ಕ್ಕೆ ಮುಗಿಯಿತು. ಮಾರನೇ ದಿನ ನವರಾತ್ರಿ ಶುರು. ಬಾಗಿಲಲ್ಲಿ ಮತ್ತೆ ಕವರು ಹಿಡಿದವರು. ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ ಅಂತ ಒಂದು ಹೊಸ ಕಾಟ ಬೇರೆ ಸೇರಿಕೊಂಡಿದೆ. ಸಂಜೆ ಅಣ್ಣನ ಫೋನ್ ಬಂತು. ಸಾಮಾನ್ಯವಾಗಿ ಅವನು ದುಡ್ಡಿನ ವಿಷಯಕ್ಕೆ ಬಿಟ್ಟರೆ ಫೋನ್ ಮಾಡುವವನಲ್ಲ.

"ನಿನ್ ನೀರಕ್ಕಿ ಹೊಂಟೋದೊ ಕಣವ್ವ. ಪೈರು ಕವ್ಕಂತು, ಕೆಸರೇ ಕಾಣಲ್ಲ."

"ಎಲ್ಲಿಗೆ ಹೋದ್ವು?"

"ನಂಗೆ ಹೇಳಿ ಹೋದ್ವಾ? ಕೆಳಗಡೆ ಕೊನೆ ಬಯಲಲ್ಲಿ ಇನ್ನೂ ನಾಟಿ ಮಾಡ್ತಾವ್ರೆ. ಮೊನ್ನೆ ಗೊಬ್ಬರ ತರಕ್ಕೆ ಹೋದಾಗ ಅಲ್ಲಿದ್ದೊ."

"ಎಷ್ಟಿದ್ವು?"

ಸ್ವಲ್ಪ ಹೊತ್ತು ಸುಮ್ಮನಾದ. "ಒಂಬತ್ತು" ಅಂದ. "ಇನ್ನೊಂದು ಬ್ಯಾರೆ ಇತ್ತು, ಕಲ್ಲಿನ್ ಮ್ಯಾಲೆ. ಕುಂಡೆ ಕುಣಿಸ್ತಿತ್ತಲ್ಲ, ಅದು."

ಬೇರೆಯವರು ಹೇಳಿದ ಲೆಕ್ಕವನ್ನು ನನ್ನ ಇಬರ್ಡ್ ಪಟ್ಟಿಗೆ ಹಾಕುವ ಹಾಗಿಲ್ಲ. ಅಳತೆ ಪುಸ್ತಕ ತೆಗೆದು, ಈ ಸಲ ಯಾರ ತೋಳಿನ ಕೆಳಗೂ ಅಲ್ಲ, ಹೊಸ ಪುಟದಲ್ಲಿ ತಾರೀಕು ಹಾಕಿ ಬರೆದೆ. ಅಣ್ಣ: ನೀರಕ್ಕಿ 9, ಕಾಮನ್ 1.